ಸೆಕ್ಷನ್ 14ರ ಎರಡು ಸೀಟು: ಅಮೆರಿಕನ್ ಫುಟ್‌ಬಾಲ್ ಟಿಕೆಟ್ ಕಂಪನಿಗೊಂದು ದೂರು ಪತ್ರ

ಇವರಿಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ,
ನಮ್ಮ ವಿಶ್ವವಿದ್ಯಾಲಯದ ಫುಟ್‌ಬಾಲ್ ಟಿಕೆಟ್ ಮಾರಾಟದ ಗುತ್ತಿಗೆ ಹಿಡಿದಿರುವ ಕಂಪನಿ

ವಿಷಯ: ಸೀಸನ್ ಟಿಕೆಟ್ ನವೀಕರಣದಲ್ಲಿ ಕೇಳದೆ ಸೀಟು ಬದಲಿಸಿದ್ದು, ಕೇಳದೆ ಹೆಚ್ಚು ಹಣ ಹಿಡಿದದ್ದು, ಕೇಳಿದಾಗ ಸಿಕ್ಕ ಉತ್ತರ

ಮಾನ್ಯರೇ,

ಈ ಪತ್ರ ಕನ್ನಡದಲ್ಲಿರುವುದು ನೋಡಿ ಗಾಬರಿಯಾಗಬೇಡಿ. ಇಂಗ್ಲಿಷಿನಲ್ಲಿ ಬರೆದದ್ದಕ್ಕೆಲ್ಲ ನಿಮ್ಮ ಯಂತ್ರ ಒಂದೇ ಉತ್ತರ ಕಳಿಸಿದೆ. ನಿಮ್ಮ ಸಹಾಯವಾಣಿಯವರು ಬೆಂಗಳೂರಿನಲ್ಲಿ ಕೂತಿದ್ದಾರೆ, ಕನ್ನಡ ಬಲ್ಲವರು ಎನ್ನುವುದು ನನಗೀಗ ಚೆನ್ನಾಗಿ ಗೊತ್ತು. ಅವರೇ ಓದಿ ಮೇಲಿನವರಿಗೆ ತಿಳಿಸಲಿ, ಒಮ್ಮೆಯಾದರೂ ಮನುಷ್ಯರ ಕಣ್ಣಿಗೆ ಬೀಳಲಿ ಎಂದು ಹೀಗೆ ಬರೆಯುತ್ತಿದ್ದೇನೆ.

ನಾನು ಎಂ.ಎಸ್. ಓದಲು ಅಮೆರಿಕಕ್ಕೆ ಬಂದು ಇದೇ ವಿಶ್ವವಿದ್ಯಾಲಯದಲ್ಲಿ ಕಲಿತವನು. 2004ರಿಂದ ಸೆಕ್ಷನ್ 14ರಲ್ಲಿ, ಮೈದಾನದ ಸುಮಾರು 30 ಯಾರ್ಡ್ ಗೆರೆಯ ನೇರಕ್ಕೆ, ನನ್ನದೂ ನನ್ನ ಹೆಂಡತಿಯದೂ ಎರಡು ಸೀಟು. ತಂಡ ಸೋತು ಸುಣ್ಣವಾದ ವರ್ಷಗಳಲ್ಲೂ ಬಿಟ್ಟಿಲ್ಲ. ನವೆಂಬರ್ ಹಿಮದಲ್ಲಿ ಅಲ್ಯೂಮಿನಿಯಂ ಬೆಂಚಿನ ಮೇಲೆ ಕೂತು ನೋಡಿದವರು ನಾವು. ನಿಮ್ಮ ದಾಖಲೆಯಲ್ಲಿ ಇದೆಲ್ಲ, ಹಳಬರಿಗೆ ಆದ್ಯತೆ ಕೊಡುವ ಪ್ರಯಾರಿಟಿ ಪಾಯಿಂಟ್ ರೂಪದಲ್ಲಿ ಇರಬೇಕು. ಇತ್ತು, ಅನ್ನಬೇಕೇನೋ.

ನಿಯಮಗಳನ್ನು ನಾನು ನಿಮಗೆ ಹೇಳಿಕೊಡಬೇಕಾಗಿಲ್ಲ. ಗಡುವಿನೊಳಗೆ ನವೀಕರಿಸಿದ ಖಾತೆದಾರನ ಸೀಟನ್ನು ಅವನ ಒಪ್ಪಿಗೆ ಇಲ್ಲದೆ ಬದಲಿಸುವುದಿಲ್ಲ ಎಂದು ನಿಮ್ಮ ಕರಾರಿನಲ್ಲೇ ಇದೆ. ಆಟೊ-ರಿನ್ಯೂವಲ್ ಹಾಕಿಕೊಂಡವರಿಗೆ ದರ ಏರಿದರೆ ಹಣ ಹಿಡಿಯುವ ಮೊದಲು ತಿಳಿಸುತ್ತೇವೆ ಎಂದೂ ಇದೆ. ಬರೆದವರು ನೀವು, ಓದಿದವನು ನಾನು. ಹೀಗಿದ್ದೂ ಫೆಬ್ರುವರಿಯಲ್ಲಿ ನನ್ನ ಕಾರ್ಡಿನಿಂದ 1740 ಡಾಲರ್ ಹೋಯಿತು. ಹಿಂದಿನ ವರ್ಷ ಕಟ್ಟಿದ್ದು 1360. ಇಷ್ಟು ಹೆಚ್ಚು ಕೊಟ್ಟದ್ದಕ್ಕೆ ಸಿಕ್ಕಿದ್ದೇನು? ಮೇಲಿನ ಅಂತಸ್ತಿನ ಮೂಲೆಯಲ್ಲಿ ಎರಡು ಸೀಟು. ಹಳೆಯ ಸೀಟುಗಳೇ ಬೇಕೆಂದರೆ 4040 ಡಾಲರ್.

ಈ ಲೆಕ್ಕದಲ್ಲಿ ಟಿಕೆಟ್ಟಿನ ಬೆಲೆ ಸೀಟಿಗೆ 480ರಿಂದ 520ಕ್ಕೆ ಹೋಗಿದೆ, ಅಷ್ಟೇ. "ದರ ಶೇ 8ರ ಆಸುಪಾಸು ಮಾತ್ರ ಏರಿಸಿದ್ದೇವೆ" ಎಂಬ ನಿಮ್ಮ ಪ್ರಕಟಣೆ ಸುಳ್ಳಲ್ಲ. ಉಳಿದದ್ದೆಲ್ಲ ಆ ಸೀಟು ಕೊಳ್ಳುವ ಹಕ್ಕಿಗೆಂದು ವಿಶ್ವವಿದ್ಯಾಲಯಕ್ಕೆ ಕೊಡಬೇಕಾದ "ದೇಣಿಗೆ". ನನ್ನ ಹಳೆಯ ಸೀಟಿನ ದೇಣಿಗೆ 200ರಿಂದ 1500ಕ್ಕೆ ಹೋಗಿದೆ. ಮೂಲೆ ಸೀಟಿಗೇ 350.

ಇನ್ನು ಇದನ್ನು ಕೇಳಲು ನಿಮ್ಮ ಸಹಾಯವಾಣಿಗೆ ಮಾಡಿದ ಫೋನ್ ಕರೆಯ ವಿಚಾರ. ಕರೆಗಳನ್ನು ಗುಣಮಟ್ಟಕ್ಕಾಗಿ ಧ್ವನಿಮುದ್ರಿಸುತ್ತೀರಂತೆ. ಹಾಗಿದ್ದರೆ ದಯವಿಟ್ಟು ಇದನ್ನು ಹಾಕಿ ಕೇಳಿ. ಕೇಳುವ ಪುರುಸೊತ್ತಿಲ್ಲದಿದ್ದರೆ ನಾನೇ ಹೇಳುತ್ತೇನೆ, ಒಂದು ಮಾತೂ ಮರೆತಿಲ್ಲ.

ಶನಿವಾರ ಬೆಳಿಗ್ಗೆ. ಅಡುಗೆಮನೆಯ ಮೇಜಿನ ಮೇಲೆ ಫೋನ್ ಇಟ್ಟು ಸ್ಪೀಕರ್ ಹಾಕಿದ್ದೆ. ಎದುರಿಗೆ ಹೆಂಡತಿ ಹುರುಳಿಕಾಯಿ ನಾರು ತೆಗೆಯುತ್ತಿದ್ದಳು, ಪಕ್ಕದಲ್ಲಿ ಮಗಳು. ಬಹಳ ಹೊತ್ತು ನಮ್ಮ ವಿಶ್ವವಿದ್ಯಾಲಯದ ಫೈಟ್ ಸಾಂಗ್ ಮೊಳಗಿತು. ಟಚ್‌ಡೌನ್ ಆಗಿ ಅಂಕ ಬಂದಾಗ ಸಾವಿರಾರು ಜನ ಎದ್ದು ನಿಂತು ಹಾಡುವ ಹಾಡನ್ನು ಹೋಲ್ಡ್ ಸಂಗೀತ ಮಾಡಿದ್ದೀರಿ. ನಡುನಡುವೆ ಲಕ್ಷುರಿ ಸೂಟ್ ಬಾಡಿಗೆಗಿದೆ ಎಂಬ ಜಾಹೀರಾತು. ಕೊನೆಗೆ ಒಬ್ಬ ಹುಡುಗ ಬಂದ. ಹೆಸರು ಕೇಳಿದ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ. ಅರ್ಧಕ್ಕೇ ತಡೆದು, "ಸಾರ್, ನೀವು ಕನ್ನಡದವರಾ?" ಅಂದ.

"ಹೌದಪ್ಪ, ಹಾಸನದ ಕಡೆ."

"ಅಯ್ಯೋ, ನಮ್ಮಮ್ಮನ ಊರು ಅರಸೀಕೆರೆ ಸಾರ್!"

ನನ್ನ ಅರ್ಧ ಸಿಟ್ಟು ಅಲ್ಲೇ ಇಳಿಯಿತು. ಇದಕ್ಕೂ ತರಬೇತಿ ಕೊಟ್ಟಿರಬಹುದು ಎಂದು ಈಗ ಅನ್ನಿಸುತ್ತಿದೆ. ಸೀಟಿನ ವಿಷಯ ಹೇಳಿದೆ. ಕೀಬೋರ್ಡ್ ಟಕಟಕ ಕೇಳಿಸಿತು.

"ಸಾರ್, ನಿಮ್ ಸೀಟು ಈಗ ಪ್ರೀಮಿಯಂ ಝೋನ್‌ಗೆ ಬಂದಿದೆ."

"ಸೀಟು ಎಲ್ಲಿಗೂ ಬಂದಿಲ್ಲಪ್ಪ, ಇದ್ದಲ್ಲೇ ಇದೆ. ಅದೇ ತಗಡಿನ ಬೆಂಚು. ಒರಗೋಕೆ ಬೆನ್ನು ಕೂಡ ಇಲ್ಲ."

"ಹೌದು ಸಾರ್, ಆದ್ರೆ ಝೋನ್ ಬದಲಾಗಿದೆ. ನಿಮ್ಮ ಗಿವಿಂಗ್ ಲೆವೆಲ್ ಆ ಝೋನ್‌ಗೆ ಸಾಲಲ್ಲ."

"ಇಷ್ಟು ವರ್ಷದ ಪಾಯಿಂಟ್ ಏನಾಯ್ತು?"

"ಅದು ಹಳೇ ಮಾಡೆಲ್ ಸಾರ್. ಈಗ ಪಾಯಿಂಟ್ ಬರೀ ಕ್ಯೂನಲ್ಲಿ ನಿಮ್ಮ ಜಾಗ ತೋರ್ಸುತ್ತೆ. ಡೊನೇಷನ್ ಜಾಸ್ತಿ ಮಾಡಿದ್ರೆ ಸೀಟು ವಾಪಸ್ ಸಿಗುತ್ತೆ. ಇಎಂಐ ಇದೆ ಸಾರ್, ಹತ್ತು ತಿಂಗಳು." ಆಮೇಲೆ ದನಿ ತಗ್ಗಿಸಿ, "ಬೇಜಾರ್ ಮಾಡ್ಕೋಬೇಡಿ ಸಾರ್, ಫಾರಂನಲ್ಲಿ ಒಂದು ಕಾಲಂ ಇದೆ, ಕೇಳ್ಲೇಬೇಕು. ನಿಮ್ ಬಜೆಟ್ ಎಷ್ಟು?"

ಹೆಂಡತಿಯ ಕೈ ನಿಂತಿತು. ಮೇಲಿನವರನ್ನು ಕರೆಯಪ್ಪ ಅಂದೆ. ಮತ್ತೆ ಫೈಟ್ ಸಾಂಗ್, ಮತ್ತೆ ಲಕ್ಷುರಿ ಸೂಟ್. ಆಮೇಲೆ ಒಬ್ಬ ಮೇಡಂ ಬಂದರು. ಮತ್ತೆ ಮೊದಲಿಂದ ಹೆಸರು, ಹುಟ್ಟಿದ ದಿನ, ಕಾರ್ಡಿನ ಕೊನೆಯ ನಾಲ್ಕು ಅಂಕಿ.

"ಸರ್, ನಿಮ್ಮ ಪ್ರೊಫೈಲ್‌ಗೆ ಸರಿಹೊಂದೋ ಹಾಗೆ ನಮ್ಮ ಹತ್ರ ಫ್ಯಾಮಿಲಿ ಪ್ಯಾಕ್ ಇದೆ. ಸೆಪ್ಟೆಂಬರ್ ಮೊದಲನೇ ಮ್ಯಾಚ್, ನಾಲ್ಕು ಟಿಕೆಟ್, ನಾಲ್ಕು ಹಾಟ್‌ಡಾಗ್."

"ನಾವು ಮಾಂಸ ತಿನ್ನಲ್ಲಮ್ಮ."

"ನೋ ಪ್ರಾಬ್ಲಂ ಸರ್, ನಾಚೋಸ್ ಮಾಡ್ಕೊಡ್ತೀವಿ."

"ನಾನು ನಾಚೋಸ್ ಕೇಳ್ತಿಲ್ಲ, ನನ್ನ ಸೀಟು ಕೇಳ್ತಿದ್ದೀನಿ."

"ಅರ್ಥ ಆಗುತ್ತೆ ಸರ್. ಆದ್ರೆ ಆ ಸೀಟುಗಳು ಈಗ ಬೇರೆ ಕೆಟಗರಿ ಗೆಸ್ಟ್‌ಗಳಿಗೆ. ಮನೇಲಿ ದೊಡ್ಡ ಟಿವಿ ಇದ್ರೆ ಅದ್ರಲ್ಲೇ ಚೆನ್ನಾಗ್ ಕಾಣುತ್ತೆ ಸರ್. ರಿಪ್ಲೇನೂ ಬರುತ್ತೆ."

ಮಗಳು ನಕ್ಕುಬಿಟ್ಟಳು. ನನ್ನನ್ನು ನೋಡಿ ನಕ್ಕಳೋ, ನಾಚೋಸ್ ನೆನೆದು ನಕ್ಕಳೋ, ಕೇಳಲು ಹೋಗಲಿಲ್ಲ. ಫೋನ್ ಇಟ್ಟ ಅರೆಕ್ಷಣಕ್ಕೆ ನಿಮ್ಮ ಸಂದೇಶ ಬಂತು: ನಮ್ಮ ಸೇವೆಗೆ ಐದರಲ್ಲಿ ಎಷ್ಟು ಅಂಕ ಕೊಡುತ್ತೀರಿ?

ಆ ಹುಡುಗನ ಮೇಲೆ ಕ್ರಮ ಕೈಗೊಂಡು ಈ ದೂರು ಮುಗಿಸಬೇಡಿ. ಪರದೆ ಮೇಲೆ ಬಂದದ್ದನ್ನು ಅವನು ಓದಿದ, ಅಷ್ಟೇ. ಆ ಕಾಲಂ ಹಾಕಿದವರು ಯಾರು ಎಂದು ಹುಡುಕಿ.

ಡೊನೇಷನ್ ಎಂದಾಗ ನನಗೆ ಮೈ ಉರಿಯಲು ಕಾರಣವಿದೆ. ನಾನು ಎಂಜಿನಿಯರಿಂಗ್ ಓದಿದ್ದು ಮೆರಿಟ್ ಸೀಟಿನಲ್ಲಿ, ಅದು ಸಿಗದಿದ್ದರೆ ಓದುತ್ತಲೇ ಇರಲಿಲ್ಲ. ಕರ್ನಾಟಕದಲ್ಲಿ ಕ್ಯಾಪಿಟೇಷನ್ ಶುಲ್ಕ ನಿಷೇಧಿಸಿ 1984ರಲ್ಲೇ ಕಾನೂನು ಬಂತು. ಅದು ಎಷ್ಟರ ಮಟ್ಟಿಗೆ ನಡೆಯಿತು ಎನ್ನುವುದು ಬೇರೆ ಮಾತು. ಕೊನೇಪಕ್ಷ ತೆಗೆದುಕೊಳ್ಳುವವರು ಬಾಗಿಲು ಹಾಕಿಕೊಂಡು ಎಣಿಸುತ್ತಿದ್ದರು. ನೀವು ರಸೀದಿಯಲ್ಲೇ ಅಚ್ಚು ಹಾಕಿ ಕೊಡುತ್ತೀರಿ, ಕೆಳಗೆ "ನಿಮ್ಮ ಔದಾರ್ಯಕ್ಕೆ ಧನ್ಯವಾದ" ಬೇರೆ. ಔದಾರ್ಯವಂತೆ! ಸೀಟು ಕೊಳ್ಳುವ ಹಕ್ಕಿಗಾಗಿ ಕಾಲೇಜಿಗೆ ಕೊಡುವ ಈ ಹಣದಲ್ಲಿ ಶೇ 80ರಷ್ಟಕ್ಕೆ ಮೊದಲು ಆದಾಯ ತೆರಿಗೆ ವಿನಾಯಿತಿ ಇತ್ತು. 2017ರ ತೆರಿಗೆ ಕಾನೂನು ಅದನ್ನೂ ಕಿತ್ತುಹಾಕಿತು. ಸರ್ಕಾರದ ಲೆಕ್ಕದಲ್ಲಿ ಇದು ದಾನವಲ್ಲ, ಸೀಟಿನ ಬೆಲೆಯೇ. ದಾನ ಎಂದು ನಂಬಿಕೊಂಡಿರುವವರು ಈಗ ನೀವೊಬ್ಬರೇ.

ಖರ್ಚು ಹೆಚ್ಚಾಗಿದೆ, ಆಟಗಾರರಿಗೆ ಹಣ ಕೊಡಬೇಕು ಎಂದು ನಿಮ್ಮ ಇಮೇಲಿನಲ್ಲಿತ್ತು. ಕೊಡಬೇಕಾದದ್ದೇ. ದಶಕಗಳ ಕಾಲ ಮೊಣಕಾಲು ಮುರಿದುಕೊಂಡ ಹುಡುಗರಿಗೆ ಸ್ಕಾಲರ್‌ಶಿಪ್ ಬಿಟ್ಟು ಬೇರೇನೂ ಸಿಗುತ್ತಿರಲಿಲ್ಲ. 2025ರ ಜೂನ್‌ನಲ್ಲಿ ಕಾಲೇಜು ಆಟಗಾರರು ಹೂಡಿದ್ದ ಹೌಸ್ ಮೊಕದ್ದಮೆಯ ರಾಜಿಗೆ ನ್ಯಾಯಾಲಯ ಒಪ್ಪಿಗೆ ಕೊಟ್ಟ ಮೇಲೆ, ಮೊದಲ ವರ್ಷಕ್ಕೆ ಒಂದೊಂದು ವಿಶ್ವವಿದ್ಯಾಲಯ ಸುಮಾರು 2.05 ಕೋಟಿ ಡಾಲರ್‌ವರೆಗೆ ತನ್ನ ಆಟಗಾರರಿಗೆ ನೇರವಾಗಿ ಹಂಚಬಹುದೆಂದಾಯಿತು. ನನ್ನ ತಕರಾರು ಆ ಹಣದ ಮೇಲಲ್ಲ. ಟೆನ್ನೆಸ್ಸಿ ವಿಶ್ವವಿದ್ಯಾಲಯದವರು 2025ರ ಸೀಸನ್ ಟಿಕೆಟ್ಟಿಗೆ ಶೇ 10ರಷ್ಟು "ಟ್ಯಾಲೆಂಟ್ ಫೀ" ಎಂದು ಬಹಿರಂಗವಾಗಿ ಹೇಳಿಯೇ ಹಾಕಿದರು. ಕೊಡುವವನಿಗೆ ಹೊಟ್ಟೆ ಉರಿದರೂ ಯಾತಕ್ಕೆ ಉರಿಯುತ್ತಿದೆ ಎಂದು ಗೊತ್ತಾಗುತ್ತಿತ್ತು. ನೀವು ಹೆಸರಿಟ್ಟದ್ದು "ಆಸನ ಅನುಭವದ ಮರುಹೊಂದಾಣಿಕೆ". ಯಾರ ಅನುಭವ?

ಆಟಗಾರರ ನೆಪವೇ ಸಾಕು ಅಂದುಕೊಂಡಿದ್ದರೆ ಇನ್ನೊಂದು ಲೆಕ್ಕವೂ ನಿಮಗೆ ಗೊತ್ತಿರಲಿ. 2022ರಲ್ಲಿ ಬಿಗ್ ಟೆನ್ ಎಂಬ ವಿಶ್ವವಿದ್ಯಾಲಯಗಳ ಕ್ರೀಡಾ ಒಕ್ಕೂಟ ಫಾಕ್ಸ್, ಸಿಬಿಎಸ್, ಎನ್‌ಬಿಸಿ ವಾಹಿನಿಗಳ ಜೊತೆ ಮಾಡಿಕೊಂಡ ಪ್ರಸಾರ ಒಪ್ಪಂದ ಏಳು ವರ್ಷಕ್ಕೆ 700 ಕೋಟಿ ಡಾಲರ್‌ಗೂ ಮೇಲೆ. 2023ರಲ್ಲಿ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯ ತನ್ನ ಕೋಚ್ ಜಿಂಬೊ ಫಿಶರ್ ಅವರನ್ನು ಮನೆಗೆ ಕಳಿಸುವುದಕ್ಕೇ 7.5 ಕೋಟಿ ಡಾಲರ್‌ಗೂ ಹೆಚ್ಚು ಕೊಡಬೇಕಾಗಿ ಬಂತು. ಕೆಲಸ ಮಾಡದೇ ಇರುವುದಕ್ಕೆ! ಈ ಆಟದಲ್ಲಿ ದುಡ್ಡಿಲ್ಲ ಎಂದು ಸೆಕ್ಷನ್ 14ರ ಜನರಿಗೆ ಹೇಳಬೇಡಿ, ನಗುತ್ತಾರೆ.

ಆ ವಾಹಿನಿಗಳು ಕೊಟ್ಟ ಹಣಕ್ಕೂ ಬೆಲೆ ತೆರುವವರು ನಾವೇ. ಎಷ್ಟೋ ಪಂದ್ಯಗಳ ಸಮಯ ಗೊತ್ತಾಗುವುದು 12 ದಿನ ಮುಂಚೆ, ಕೆಲವೊಮ್ಮೆ 6 ದಿನ. ಅಷ್ಟರೊಳಗೆ ಹೋಟೆಲಿನವನು ಶುಕ್ರವಾರ, ಶನಿವಾರ ಎರಡೂ ರಾತ್ರಿಗೆ ಹಣ ಹಿಡಿದಿರುತ್ತಾನೆ. ಮೈದಾನಕ್ಕೆ ಬಂದರೆ, ಕೆಂಪು ಟೋಪಿ ಹಾಕಿಕೊಂಡ ಟಿವಿಯವರ ಕಡೆಯ ಒಬ್ಬ ಮಹಾಶಯ ಒಳಗೆ ಬಂದು ನಿಲ್ಲುತ್ತಾನೆ. ಅವನು ಆಚೆ ಹೋಗುವವರೆಗೆ ಆಟ ಇಲ್ಲ, ಮನೆಯಲ್ಲಿರುವವರಿಗೆ ಜಾಹೀರಾತು, ನಮಗೆ ಚಳಿ. 2023ರಲ್ಲಿ ನಿಯಮ ತಿದ್ದಿದರು: ಎರಡೂ ಅರ್ಧಗಳ ಕೊನೆಯ ಎರಡು ನಿಮಿಷ ಬಿಟ್ಟರೆ ತಂಡ ಹತ್ತು ಯಾರ್ಡ್ ಮುಂದೆ ಸಾಗಿ ಫಸ್ಟ್ ಡೌನ್ ಪಡೆದಾಗ ಗಡಿಯಾರ ನಿಲ್ಲಿಸುವಂತಿಲ್ಲ. ಅಂದರೆ ಆಡುವ ಪ್ಲೇಗಳು ಕಡಿಮೆ. 2024ರಲ್ಲಿ ಎರಡು ನಿಮಿಷ ಉಳಿದಾಗ ಹೊಸ ಟೈಮ್‌ಔಟ್ ಒಂದನ್ನು ತಂದರು. ಆ ಹೊತ್ತಿಗೂ ಜಾಹೀರಾತೇ. ಆಟ ಕಡಿಮೆ, ಕಾಯುವುದು ಅಷ್ಟೇ, ಬೆಲೆ ಮಾತ್ರ ಮೂರು ಪಟ್ಟು. ಇದಕ್ಕೆ ನಿಮ್ಮ ಕಂಪನಿ ಹೊಣೆಯಲ್ಲ, ಒಪ್ಪುತ್ತೇನೆ. ಹಾಗೆಂದು ಇಂಥದ್ದನ್ನು "ಪ್ರೀಮಿಯಂ" ಎಂದು ಮಾರುವಾಗ ನಾಲಿಗೆ ಸ್ವಲ್ಪವಾದರೂ ತೊದಲಬೇಕಿತ್ತು.

ಇನ್ನೊಂದು ವಿಷಯ ಮಾತ್ರ ಪೂರ್ತಿ ನಿಮ್ಮ ತಲೆಗೇ ಬರುತ್ತದೆ. ಕಳೆದ ಅಕ್ಟೋಬರ್‌ನಲ್ಲಿ ಮೈಸೂರಿನಿಂದ ಬಂದಿದ್ದ ನನ್ನ ಭಾವಮೈದನಿಗೆಂದು ಒಂದು ಬಿಡಿ ಟಿಕೆಟ್ ತೆಗೆದೆ. ಮೊದಲ ಪುಟದಲ್ಲಿ 95 ಡಾಲರ್. ಹಣ ಕಟ್ಟುವ ಪುಟಕ್ಕೆ ಬಂದಾಗ ಸೇವಾ ಶುಲ್ಕ, ಸಂಸ್ಕರಣಾ ಶುಲ್ಕ, ಕ್ರೀಡಾಂಗಣ ಶುಲ್ಕ ಎಲ್ಲ ಸೇರಿ 131. ಫೋನಿಗೇ ಬರುವ ಟಿಕೆಟ್ಟಿನಲ್ಲಿ ಏನನ್ನು ಸಂಸ್ಕರಿಸಿದಿರೋ ಕಾಣೆ. 2025ರ ಮೇ 12ರಿಂದ, ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್‌ನ ನಿಯಮ ಜಾರಿಯಲ್ಲಿದೆ: ಇಂಥ ಟಿಕೆಟ್ಟಿಗೆ ದರ ತೋರಿಸುವುದಾದರೆ ಕಡ್ಡಾಯ ಶುಲ್ಕಗಳೆಲ್ಲ ಸೇರಿದ ಪೂರ್ತಿ ಮೊತ್ತವನ್ನು ಮೊದಲೇ ತೋರಿಸಬೇಕು. ನಿಮ್ಮ ವಕೀಲರಿಗೆ ಇದು ಗೊತ್ತಿಲ್ಲದೆ ಇರುತ್ತದೆಯೇ? ಎರಡೂ ಪುಟಗಳ ಸ್ಕ್ರೀನ್‌ಶಾಟ್ ನನ್ನ ಬಳಿ ಇದೆ, ದಿನಾಂಕ ಸಮೇತ.

ಪಾರ್ಕಿಂಗ್ ದರ, 6 ಡಾಲರ್‌ನ ನೀರಿನ ಬಾಟಲಿ, ಇವನ್ನೆಲ್ಲ ಎಳೆದು ತರಬಾರದು ಅಂದುಕೊಂಡಿದ್ದೆ. ತಂದಾಯಿತು. ಅಟ್ಲಾಂಟಾದ ಮರ್ಸಿಡಿಸ್-ಬೆಂಝ್ ಕ್ರೀಡಾಂಗಣ 2017ರಲ್ಲಿ ತೆರೆದಾಗ ಹಾಟ್‌ಡಾಗ್ 2 ಡಾಲರ್, ಮತ್ತೆ ಮತ್ತೆ ತುಂಬಿಸಿಕೊಳ್ಳುವ ಸೋಡಾ 2 ಡಾಲರ್ ಎಂದು ಬೋರ್ಡು ಹಾಕಿತು. ಅವರು ಬಾಗಿಲು ಹಾಕಿಕೊಂಡು ಹೋಗಿಲ್ಲ, ಇನ್ನೂ ನಡೆಸುತ್ತಿದ್ದಾರೆ.

ನನಗೆ ಬೇಕಾದದ್ದು ಇಷ್ಟು: ಹಳೆಯ ಸೀಟು ಹಳೆಯ ದೇಣಿಗೆಗೆ, ಇಲ್ಲದಿದ್ದರೆ 1740 ಡಾಲರ್ ಪೂರ್ತಿ ವಾಪಸ್. ನಾಚೋಸ್ ಬೇಡ. ಹತ್ತು ದಿನ ಕಾಯುತ್ತೇನೆ.

ಆಮೇಲೆ ಮೊದಲು ಬ್ಯಾಂಕಿಗೆ ಬರೆದು ಹಣ ತಡೆಹಿಡಿಸುತ್ತೇನೆ. ಅದರ ಹಿಂದೆಯೇ ಸ್ಕ್ರೀನ್‌ಶಾಟ್‌ಗಳು ಟ್ರೇಡ್ ಕಮಿಷನ್ನಿಗೂ ನಮ್ಮ ರಾಜ್ಯದ ಅಟಾರ್ನಿ ಜನರಲ್ ಕಚೇರಿಗೂ ಹೋಗುತ್ತವೆ. ನಮ್ಮೂರ ಕನ್ನಡ ಕೂಟದವರು ಪ್ರತಿ ಸೆಪ್ಟೆಂಬರ್‌ನಲ್ಲಿ ನಿಮ್ಮಲ್ಲಿ ತೆಗೆದುಕೊಳ್ಳುವ ಗುಂಪು ಟಿಕೆಟ್ಟಿನ ವಿಚಾರವನ್ನು ಮುಂದಿನ ಸಭೆಯಲ್ಲಿ ಎತ್ತುವವನು ನಾನೇ. ಆ ದಿನ ಯಾರದಾದರೂ ಮನೆಯಲ್ಲಿ ದೊಡ್ಡ ಟಿವಿ ಹಾಕಿ ಬಿಸಿಬೇಳೆಬಾತ್ ಮಾಡಿಸಿದರಾಯಿತು, ನಿಮ್ಮ ಮೇಡಂ ಸಲಹೆ ಕೊಟ್ಟೇ ಇದ್ದಾರಲ್ಲ. ಮಗಳು ಈ ವರ್ಷ ಕಾಲೇಜಿಗೆ ಅರ್ಜಿ ಹಾಕುತ್ತಾಳೆ. ಪಟ್ಟಿಯ ಮೊದಲನೆಯ ಹೆಸರನ್ನು ಹೊಡೆದುಹಾಕಲು ನಾನಿನ್ನೂ ಹೇಳಿಲ್ಲ.

ಅಷ್ಟಾಗಿಯೂ ಹಣ ಬರದಿದ್ದರೆ ಮೂಲೆಯ ಆ ಎರಡು ಸೀಟು ನನ್ನವೇ ತಾನೆ? ನವೆಂಬರ್‌ನ ಕೊನೆಯ ಶನಿವಾರ ಯಾರ ಜೊತೆ ಪಂದ್ಯ ಎಂದು ನಿಮಗೆ ಹೇಳಬೇಕಾಗಿಲ್ಲ. ನನ್ನ ಆಫೀಸಿನಲ್ಲಿ ಆ ಎದುರಾಳಿ ವಿಶ್ವವಿದ್ಯಾಲಯದಲ್ಲೇ ಓದಿದವನೊಬ್ಬ ಇದ್ದಾನೆ, ಮುಖಕ್ಕೆಲ್ಲ ಅವರ ಬಣ್ಣ ಬಳಿದುಕೊಂಡು ಬರುವ ಜಾತಿ. ಎರಡೂ ಟಿಕೆಟ್ ಅವನಿಗೆ ಬಿಟ್ಟಿ ಕೊಡುತ್ತೇನೆ, ತಮ್ಮನನ್ನೂ ಕರೆದುಕೊಂಡು ಹೋಗು ಎಂದು ಹೇಳಿಯೇ ಕೊಡುತ್ತೇನೆ.

ಇತಿ,
ಸೆಕ್ಷನ್ 14ರ ಖಾತೆದಾರ

ಲಗತ್ತು: ನವೀಕರಣದ ಎರಡು ರಸೀದಿ, ಅಕ್ಟೋಬರ್ ಟಿಕೆಟ್ಟಿನ ಎರಡು ಸ್ಕ್ರೀನ್‌ಶಾಟ್