ಪಟ್ಟಿ ಎತ್ತುವ ಮಗಳಿಗೆ

ಗದಗ

ಚಿ. ಮಗಳಿಗೆ ದೊಡ್ಡವ್ವನ ಆಶೀರ್ವಾದ.

ನಿನ್ನ ವಾಟ್ಸಾಪ್ ಮೆಸೇಜನ್ನು ನಿನ್ನವ್ವ ಫೋನಿನಲ್ಲಿ ಓದಿ ಹೇಳಿದಳು. ಹಳೆಯ ಹಿಂದಿ ಚಿತ್ರಗಳ ಗಾಯಕಿ, ನಟಿ ಅಮೀರಬಾಯಿ ಕರ್ನಾಟಕಿಗೆ ಹುಬ್ಬಳ್ಳಿಯಲ್ಲಿ ಸ್ಮಾರಕ ಮಾಡಬೇಕೆಂದು ಗೆಳೆಯರೆಲ್ಲ ಸೇರಿ ಪಟ್ಟಿ ಎತ್ತುತ್ತಿದ್ದೀರಿ. ಎಂಟು ದಿನದಲ್ಲಿ 43,000 ರೂಪಾಯಿ ಬಂದಿದೆ. ಎಲ್ಲಾ ನಿನ್ನ ಫೋನ್‌ಪೇಗೇ ಬಂದಿದೆ. ಖುಷಿಯಾಯಿತು. ಆದರೆ ಆ ಕೊನೆಯ ಮಾತು ಕೇಳಿದ ಮೇಲೆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಯಾಕೆ ಅಂತ ಹೇಳುತ್ತೇನೆ. ನಮ್ಮ ಓಣಿಯಲ್ಲಿ ಕಂಪನಿ ನಾಟಕದ ಮುದುಕಿಯೊಬ್ಬಳಿದ್ದಳು. ಆಕೆ ತೀರಿಕೊಂಡಾಗ ಹೆಸರು ಕೆತ್ತಿದ ಒಂದು ಕಲ್ಲು ನಿಲ್ಲಿಸೋಣ ಎಂದು ನಾವು ನಾಲ್ಕು ಮಂದಿ ಪಟ್ಟಿ ಎತ್ತಿದೆವು. 18,650 ರೂಪಾಯಿ ಕೂಡಿತು. ಹಿರಿಯರೊಬ್ಬರ ಖಾತೆಯಲ್ಲಿ ಇಟ್ಟೆವು. ಮೂರನೇ ತಿಂಗಳು ಅವರೂ ಹೋಗಿಬಿಟ್ಟರು. ದುಡ್ಡು ಅವರ ಮಕ್ಕಳ ಕಾಗದಪತ್ರದಲ್ಲಿ ಸಿಕ್ಕಿಕೊಂಡಿತು. ಬಿಡಿಸಿಕೊಳ್ಳುವಷ್ಟರಲ್ಲಿ ಒಂದೂವರೆ ವರ್ಷ. ಒಂದು ಪೈಸೆ ಹೋಗಲಿಲ್ಲ, ಆ ಮಕ್ಕಳು ಪ್ರಾಮಾಣಿಕರು. ಆದರೆ ಅಷ್ಟರಲ್ಲಿ ಓಣಿಯವರು ನಮ್ಮನ್ನು ಪಟ್ಟಿ ತಿಂದವರು ಮಾಡಿದ್ದರು. ಮೆಂತ್ಯಸೊಪ್ಪಿನವಳು ಸಿವುಡು ಕಟ್ಟುತ್ತ, ತಲೆ ಎತ್ತದೇ, 'ಅಕ್ಕಾರ, ಕಲ್ಲು ಎಲ್ಲಿ ಕುಂತದರಿ?' ಎಂದು ಕೇಳಿದಳು. ಆಕೆ ಕೊಟ್ಟಿದ್ದು ಹನ್ನೊಂದು ರೂಪಾಯಿ. ನಾನು ಪಾವತಿ ಚೀಟಿ ಹರಿದು ಕೊಟ್ಟಿರಲಿಲ್ಲ, ನೋಟ್‌ಬುಕ್ಕಿನಲ್ಲಿ ಸುಮ್ನೆ ಬರೆದುಕೊಂಡಿದ್ದೆ. ಅಂಚೆ ಕಚೇರಿಯಲ್ಲಿ 31 ವರ್ಷ ಪಾಸ್‌ಬುಕ್ಕಿಗೆ ಠಸ್ಸೆ ಹೊಡೆದವಳು ನಾನು! ಆ ಹನ್ನೊಂದು ರೂಪಾಯಿಯ ನಾಚಿಕೆ ಈಗಲೂ ಹೋಗಿಲ್ಲ.

ಅದಕ್ಕೆ, ನಾಳೆಯಿಂದ ನಿನ್ನ ಫೋನಿಗೆ ದುಡ್ಡು ಹಾಕಿಸಿಕೊಳ್ಳುವುದು ನಿಲ್ಲಿಸು. ಏಳು ಮಂದಿ ಇದ್ದರೆ ಸಂಘ ಆಗುತ್ತದೆ, 1960ರ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಅಷ್ಟು ಜನ ಸಾಕು. ಸಂಘದ ಹೆಸರಿಗೆ ಪ್ಯಾನ್, ಸಂಘದ ಹೆಸರಿಗೆ ಖಾತೆ, ಚೆಕ್ಕಿಗೆ ಇಬ್ಬರ ಸಹಿ. ಆ ಇಬ್ಬರು ಒಂದೇ ಮನೆಯವರು ಬೇಡ. ಬಂದ 43,000ಕ್ಕೆ ಕೂತು ಒಬ್ಬೊಬ್ಬರಿಗೂ ಪಾವತಿ ಬರಿ, ಹತ್ತು ರೂಪಾಯಿ ಹಾಕಿದವರಿಗೂ. ದೊಡ್ಡ ಅಂಗಡಿಯವರು 80ಜಿ, ಅಂದರೆ ಕೊಟ್ಟ ದಾನಕ್ಕೆ ತೆರಿಗೆ ವಿನಾಯಿತಿ, ಇದೆಯಾ ಅಂತ ಕೇಳುತ್ತಾರೆ. ಆದಾಯ ತೆರಿಗೆಯವರು ಮಂಜೂರು ಮಾಡಿದ ಕಾಗದ ಕೈಗೆ ಬರುವವರೆಗೆ ಇದೆ ಅಂತ ಬಾಯಿತಪ್ಪಿಯೂ ಹೇಳಬೇಡ. ಅದು ಬಂದ ಮೇಲೂ 2,000ಕ್ಕಿಂತ ಜಾಸ್ತಿ ನಗದು ಕೊಟ್ಟವರಿಗೆ ಅದರ ವಿನಾಯಿತಿ ಸಿಗುವುದಿಲ್ಲ, ಅದನ್ನು ಮೊದಲೇ ತಿಳಿಸಿಬಿಡು.

ಲೆಕ್ಕದ ಮಾತು ಸಾಕು. ನಿನ್ನ ಮೆಸೇಜಿನಲ್ಲಿ ನನಗೆ ಸೇರದ್ದು ಇನ್ನೊಂದಿದೆ. 'ನಮ್ಮ ಹೆಮ್ಮೆಯ ಮರೆತ ನಟಿ, ದಯವಿಟ್ಟು ಕೈಲಾದ ಸಹಾಯ ಮಾಡಿ' ಎಂದು ಬರೆದಿದ್ದೀಯ. ಮರೆತವಳಿಗೆ ಯಾರು ದುಡ್ಡು ಕೊಡುತ್ತಾರೆ, ಮಗಳೇ? ನಿನ್ನ ಮುಖ ನೋಡಿ ಕೊಟ್ಟಿದ್ದಾರೆ, ಅಷ್ಟೇ. ನಿನ್ನ ಗುರುತಿನವರು ಮುಗಿದ ದಿನ ಪಟ್ಟಿಯೂ ನಿಲ್ಲುತ್ತದೆ.

ನಿನ್ನ ಅಜ್ಜಿಗೆ ಹಿಂದಿ ಒಂದಕ್ಷರ ಬರುತ್ತಿರಲಿಲ್ಲ. ಆದರೆ 1943ರ 'ಕಿಸ್ಮತ್' ಚಿತ್ರದಲ್ಲಿ ಅಮೀರಬಾಯಿ ಹಾಡಿದ, ಮೋಡಕ್ಕೆ ಮೆಲ್ಲಗೆ ಬಾ ಅನ್ನುವ ಹಾಡು ಆಕೆಗೆ ಬರುತ್ತಿತ್ತು. ಮಾತು ತಪ್ಪು, ಧಾಟಿ ಸರಿ. ರೊಟ್ಟಿ ಬಡಿಯುತ್ತ ಗುನುಗುವಳು. ಕೊಣಮಿಗೆಯಲ್ಲಿ ಅಂಗೈ ಬೀಳುವುದು ತಾಳಕ್ಕೆ ಸರಿಯಾಗಿರುತ್ತಿತ್ತು. ಧಾಟಿ ಎಳೆಯುವ ಕಡೆ ಕೈ ತಡೆಯುವಳು, ಹಂಚಿನ ಮೇಲಿನ ರೊಟ್ಟಿ ಸೀಯುವುದು. ಸೀದ ರೊಟ್ಟಿ ಯಾವಾಗಲೂ ನನ್ನ ಪಾಲಿಗೆ. 'ನಮ್ಮ ಬೀಳಗಿ ಕಡೆಯ ಹುಡುಗಿ ಹಾಡಿದ್ದು, ತಿನ್ನು' ಅನ್ನುವಳು.

ಈಗ ಹೇಳು, ಇದನ್ನು ಓದಿ ನಿನಗೆ ಆ ಹಾಡು ಕೇಳಬೇಕು ಅನಿಸಿತೋ ಇಲ್ಲವೋ? ಜನರಿಗೂ ಹಾಗೇ. ನಮ್ಮ ಗದುಗಿನ ವೀರೇಶ್ವರ ಪುಣ್ಯಾಶ್ರಮವನ್ನೇ ನೋಡು. ಅಷ್ಟು ಕುರುಡ ಮಕ್ಕಳ ಅನ್ನ, ಸಂಗೀತ ಎಲ್ಲಾ ಸಾಗಬೇಕು. ಅದಕ್ಕೆ ಆಶ್ರಮದ ಗವಾಯಿಗಳು ನಾಟಕ ಕಂಪನಿಯನ್ನೇ ಕಟ್ಟಿದರು. ಜನ ಹಾಡು ಕೇಳಿದರು, ನಾಟಕ ನೋಡಿದರು, ಆಮೇಲೆ ತಾವಾಗಿ ಜೇಬಿಗೆ ಕೈ ಹಾಕಿದರು. ನೀವೂ ಒಂದು ಸಂಜೆ ಯಾವುದಾದರೂ ಗುಡಿಯ ಪೌಳಿಯಲ್ಲಿ ಜಮಖಾನ ಹಾಸಿ ಆಕೆಯ ನಾಲ್ಕು ಹಾಡು ಕೇಳಿಸಿ. ಆಕೆಯ ಅಕ್ಕ ಗೋಹರಬಾಯಿ, ಮರಾಠಿ ರಂಗನಟ ಬಾಲಗಂಧರ್ವರ ಕಥೆಯನ್ನೂ ಯಾರಾದರೂ ಬಲ್ಲವರು ಹೇಳಲಿ, ನಮ್ಮ ಕಡೆ ಆ ಕಥೆಗೆ ಕಿವಿ ಕೊಡದವರಿಲ್ಲ. ಡಬ್ಬಿ ಬಾಗಿಲ ಹತ್ತಿರ ಇರಲಿ, ಕೈಯಲ್ಲಿ ಹಿಡಿದು ತಿರುಗಬೇಡಿ.

ಇನ್ನು ಚನ್ನಮ್ಮ ಸರ್ಕಲ್ ಹತ್ತಿರ ಕಂಚಿನ ಮೂರ್ತಿ ಅಂದಿದ್ದೀಯ. ರಸ್ತೆ, ಫುಟ್‌ಪಾತಿನಲ್ಲಿ ಮೂರ್ತಿಗೆ ಅನುಮತಿ ಕೊಡಬಾರದು ಎಂದು ಸುಪ್ರೀಂ ಕೋರ್ಟು 2013ರಲ್ಲೇ ಹೇಳಿದೆ. ಪಾಲಿಕೆಗೆ ಅಲೆದು ಚಪ್ಪಲಿ ಸವೆಸಬೇಡ. ಅದೂ ಅಲ್ಲದೆ ಆಕೆ ಹುಟ್ಟಿದ್ದು ಬೀಳಗಿಯಲ್ಲಿ, ಅಮೀರ್ ಟಾಕೀಸು ಕಟ್ಟಿದ್ದು ವಿಜಯಪುರದಲ್ಲಿ. ಆ ಎರಡೂ ಊರಿನವರನ್ನು ಒಂದು ಮಾತು ಕೇಳದೇ ಹುಬ್ಬಳ್ಳಿಯಲ್ಲಿ ಮೂರ್ತಿ ನಿಲ್ಲಿಸಿದರೆ ಅವರಿಗೆ ಬೇಜಾರಾಗುವುದಿಲ್ವಾ? ಕಲ್ಲು ಮಣ್ಣಿನದಕ್ಕೆ ನಾಳೆ ಕಸ ಹೊಡೆಯುವವರೂ ಬೇಕು. ಗಾಯಕಿ ಗಂಗೂಬಾಯಿ ಹಾನಗಲ್ ಅವರು ಹುಟ್ಟಿದ ಧಾರವಾಡದ ಮನೆ ಮ್ಯೂಸಿಯಂ ಆದ ಮೇಲೂ ಪಾಳು ಬಿದ್ದದ್ದನ್ನು ಪೇಪರಿನಲ್ಲಿ ಓದಿದ್ದೇವಲ್ಲ.

ನನ್ನ ಕೇಳಿದರೆ, ಒಂದು ಲಕ್ಷ ಕೂಡಿಸಿ ಠೇವಣಿ ಇಡಿ. ಶೇಕಡಾ ಏಳು ಬಡ್ಡಿ ಸಿಕ್ಕರೂ ವರ್ಷಕ್ಕೆ 7,000. ಹಾಡು ಕಲಿಯುವ ಒಬ್ಬ ಬಡ ಹುಡುಗಿಗೆ ಆಕೆಯ ಹೆಸರಿನಲ್ಲಿ ಕೊಡಿ. ಕೊಡುವ ದಿನ ಆ ಹುಡುಗಿ ಅಮೀರಬಾಯಿಯ ಒಂದು ಹಾಡು ಹಾಡಬೇಕು. ಮೂರ್ತಿಯೇ ಬೇಕು ಅಂತ ನಿನ್ನ ಗೆಳೆಯರು ಹಟ ಹಿಡಿದರೆ ನಾನು ಬಂದು ಜಗಳ ಆಡುವುದಿಲ್ಲ. ಆದರೆ ಒಂದು ಸಲ ಅವರ ಮುಂದೆ ಇದನ್ನು ಓದು.

ದೀಪಾವಳಿಗೆ ಬರುವಾಗ ಪಾವತಿ ಪುಸ್ತಕ ತಾ, ಕಾರ್ಬನ್ ಹಾಳೆ ಇಡುವುದು ಮರೆಯಬೇಡ. ನನ್ನ ಪೆನ್ಶನ್ನಿನಲ್ಲಿ 501 ರೂಪಾಯಿ ತೆಗೆದಿಟ್ಟಿದ್ದೇನೆ. ನಿನ್ನ ಫೋನಿಗೆ ಅದು ಬರುವುದಿಲ್ಲ.

ನಿನ್ನ
ದೊಡ್ಡವ್ವ