ಸೆನೆಟ್ ಅಂದರೆ ವಾಷಿಂಗ್ಟನ್ ಒಂದೇ ಅಲ್ಲ

ಮಾನ್ಯ ಸಂಪಾದಕರೇ,

ಅಮೆರಿಕದ ಅಧ್ಯಕ್ಷರ ಚುನಾವಣೆ ಬಂದಾಗ ನಿಮ್ಮ ಪತ್ರಿಕೆಯಲ್ಲಿ ಪುಟಗಟ್ಟಲೆ ಸುದ್ದಿ ಬರುತ್ತದೆ. ನಾನೂ ಇಲ್ಲಿ ಕೂತು ಓದುತ್ತೇನೆ. ಆದರೆ ನಾನಿರುವ ವರ್ಜೀನಿಯಾ ರಾಜ್ಯದ 32ನೇ ಸೆನೆಟ್ ಕ್ಷೇತ್ರದ ಬಗ್ಗೆ ಒಂದು ಸಾಲು ಓದಿದ ನೆನಪೂ ನನಗಿಲ್ಲ. ಈ ಕಡೆ ಮನೆ ಮಾಡಿಕೊಂಡ ಕನ್ನಡಿಗರು ಕಡಿಮೆಯೇನಿಲ್ಲ. ಅವರ ಅಪ್ಪ ಅಮ್ಮ ಊರಲ್ಲಿ ನಿಮ್ಮ ಪತ್ರಿಕೆ ಓದುತ್ತಾರೆ. ಈ ಪತ್ರ ಮುಖ್ಯವಾಗಿ ಅವರಿಗೆ.

2025ರ ಜನವರಿ 7, ಮಂಗಳವಾರ, ಆ ಕ್ಷೇತ್ರದ ಉಪಚುನಾವಣೆಯ ದಿನ. ಎರಡು ದಿನದಿಂದ ಹಿಮ ಬಿದ್ದು ರಸ್ತೆಯ ಎರಡೂ ಬದಿ ಬೆಳ್ಳಗಿನ ಗುಡ್ಡೆ. ಮಕ್ಕಳಿಗೆ ಶಾಲೆಗೆ ರಜ. ನಾನು ಮಾತ್ರ ಬೆಳಗಿನ ಜಾವ ಐದಕ್ಕೆ ಮತಗಟ್ಟೆಯಲ್ಲಿದ್ದೆ. ಇಲ್ಲಿ ಮಾಮೂಲಿ ಜನರೇ ಪ್ರಮಾಣ ಮಾಡಿ ಒಂದು ದಿನದ ಮಟ್ಟಿಗೆ ಚುನಾವಣಾ ಸಿಬ್ಬಂದಿಯಾಗಬಹುದು. ಬೆಳಿಗ್ಗೆ ಆರರಿಂದ ಸಂಜೆ ಏಳರವರೆಗೆ ಮತದಾನ. ಮತದಾರರು ಮೇಜಿನ ಹತ್ತಿರ ಬಂದು ಹೆಸರು, ವಿಳಾಸ ಹೇಳುತ್ತಾರೆ. ನಾವು ಹೆಸರನ್ನು ಗಟ್ಟಿಯಾಗಿ ತಿರುಗಿ ಹೇಳಿ, ಪಟ್ಟಿಯಲ್ಲಿ ನೋಡಿ, ಮತಪತ್ರ ಕೊಡುತ್ತೇವೆ. ಅದನ್ನು ತುಂಬಿ ಯಂತ್ರಕ್ಕೆ ಹಾಕಿದರೆ ಮುಗಿಯಿತು.

ನಮ್ಮ ಕಡೆಯ ಹೆಸರುಗಳನ್ನು ತಪ್ಪಿಲ್ಲದೆ ಕೂಗಬೇಕು ಅನ್ನುವುದು ನನಗೊಂದು ಆಸೆ. ಉಳಿದ ಸಿಬ್ಬಂದಿ ಅವನ್ನು ಓದಲು ಕಷ್ಟಪಡುತ್ತಾರೆ. ಪಟ್ಟಿಯಲ್ಲಿ ಆ ಹೆಸರುಗಳು ಬೇಕಾದಷ್ಟಿದ್ದವು. ಅಂಚೆಯಲ್ಲಿ, ಮುಂಚಿತ ಮತದಾನದಲ್ಲಿ ಹಾಕಿದವರೂ ಇದ್ದಿರಬಹುದು, ಆ ಲೆಕ್ಕ ಬೇರೆ. ಆದರೆ ಆ ದಿನ ನನ್ನ ಮೇಜಿನ ಮುಂದೆ ನಿಂತು ಅಂಥ ಹೆಸರು ಹೇಳಿದವರು ಬೆರಳೆಣಿಕೆ ಅಷ್ಟೇ.

ಆ ವಾರಾಂತ್ಯ ಕನ್ನಡದವರು ಸೇರಿದ್ದ ಒಂದು ಮನೆಯಲ್ಲಿ ಊಟಕ್ಕೆ ಕೂತಾಗ ಕೇಳಿದೆ, ‘ಯಾಕೆ ಬರಲಿಲ್ಲ?’ ಅಂತ. ಒಬ್ಬರು, ತುಂಬ ಓದಿಕೊಂಡವರು, ‘ನವೆಂಬರಿನಲ್ಲೇ ಟಿಮ್ ಕೇನ್‌ಗೆ ಹಾಕಿದೆನಲ್ಲಾ ಅಕ್ಕಾ, ಮತ್ತೆ ಇದು ಯಾವ ಸೆನೆಟ್?’ ಅಂದರು. ಟಿಮ್ ಕೇನ್ ವಾಷಿಂಗ್ಟನ್ನಿನ ಸೆನೆಟ್‌ನಲ್ಲಿ ಕೂರುವವರು. ನಾನು ಹೇಳುತ್ತಿದ್ದುದು ರಾಜಧಾನಿ ರಿಚ್ಮಂಡ್‌ನಲ್ಲಿ ಸೇರುವ ರಾಜ್ಯದ ಸೆನೆಟ್. ಅವರನ್ನು ದೂರಲು ನನಗೆ ಬಾಯಿಲ್ಲ. ನನಗೆ ಪೌರತ್ವ ಬಂದು ಎಷ್ಟೋ ವರ್ಷವಾಗಿದ್ದರೂ 2019ರ ರಾಜ್ಯ ಸೆನೆಟ್ ಚುನಾವಣೆಯಲ್ಲಿ ನಾನು ಮತ ಹಾಕಿರಲಿಲ್ಲ. ಅಂಥದ್ದೊಂದು ನಡೆಯುತ್ತಿದೆ ಅನ್ನುವುದೇ ಗೊತ್ತಿರಲಿಲ್ಲ. ಇವತ್ತಿಗೂ ಅದು ನನಗೆ ನೋವು.

ಊರಿನವರಿಗೆ ತಿಳಿಯುವ ಹಾಗೆ ಹೇಳುವುದಾದರೆ, ಇದು ನಮ್ಮ ವಿಧಾನ ಪರಿಷತ್ತಿನ ಹಾಗೆ ಮೇಲ್ಮನೆ. ಆದರೆ ಎಲ್ಲ 40 ಸದಸ್ಯರನ್ನೂ ಜನರೇ ನೇರವಾಗಿ ಆರಿಸುತ್ತಾರೆ. ಒಂದೊಂದು ಕ್ಷೇತ್ರದಲ್ಲಿ ಸುಮಾರು 2 ಲಕ್ಷದ 15 ಸಾವಿರ ಜನ. ಅವಧಿ ನಾಲ್ಕು ವರ್ಷ. ಚುನಾವಣೆ ಬರುವುದು 2019, 2023, 2027 ಹೀಗೆ ಬೆಸ ವರ್ಷಗಳಲ್ಲಿ, ಅಂದರೆ ಅಧ್ಯಕ್ಷರ ಚುನಾವಣೆಯ ಗದ್ದಲವೇ ಇಲ್ಲದ ವರ್ಷಗಳಲ್ಲಿ. ಅದಕ್ಕೇ ಜನ ಮರೆಯುತ್ತಾರೆ. 2024ರಲ್ಲಿ ರಾಜ್ಯದ ಮತದಾರರಲ್ಲಿ ನೂರಕ್ಕೆ ಸುಮಾರು 70 ಜನ ಮತ ಹಾಕಿದರು. ಅದರ ಹಿಂದಿನ ವರ್ಷ ಇಡೀ ಸೆನೆಟ್ ಆಯ್ಕೆಯಾಗುವಾಗ ಹಾಕಿದವರು ಸುಮಾರು 40.

ನಮ್ಮ 32ನೇ ಕ್ಷೇತ್ರ ಲೌಡನ್ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಪೂರ್ವ ಭಾಗ. ಈ ನಂಬರು ನಮಗೆ ಬಂದದ್ದು ಈಚೆಗೆ. ಮುಂಚೆ 32 ಅಂದರೆ ಪಕ್ಕದ ಫೇರ್‌ಫ್ಯಾಕ್ಸ್ ಕೌಂಟಿ, ಅಲ್ಲಿ 1992ರಿಂದ ಜಾನೆಟ್ ಹೋವೆಲ್ ಒಬ್ಬರೇ ಇದ್ದರು. 2021ರಲ್ಲಿ ಕ್ಷೇತ್ರಗಳನ್ನು ಮತ್ತೆ ಗುರುತಿಸುವ ಆಯೋಗದಲ್ಲಿ ಒಮ್ಮತ ಬರಲಿಲ್ಲ. ಕೆಲಸ ರಾಜ್ಯದ ಸುಪ್ರೀಂ ಕೋರ್ಟ್‌ಗೆ ಹೋಯಿತು. ಕೋರ್ಟ್ ಒಪ್ಪಿದ ನಕ್ಷೆಯಲ್ಲಿ 32 ನಮ್ಮದಾಯಿತು. ಆ ನಕ್ಷೆಯ ಮೇಲೆ 2023ರಲ್ಲಿ ಗೆದ್ದವರು ಸುಹಾಸ್ ಸುಬ್ರಮಣ್ಯಂ.

ಅವರು ಆ ಕುರ್ಚಿಯಲ್ಲಿ ಕೂತದ್ದು ಒಂದೇ ವರ್ಷ. ವಾಷಿಂಗ್ಟನ್ನಿನ ಸಂಸತ್ತಿನ (ಅದಕ್ಕೆ ಇಲ್ಲಿ ಕಾಂಗ್ರೆಸ್ ಅನ್ನುತ್ತಾರೆ) ಕೆಳಮನೆಯಲ್ಲಿ ಈ ಭಾಗದ ಸದಸ್ಯೆಯಾಗಿದ್ದ ಜೆನಿಫರ್ ವೆಕ್ಸ್ಟನ್ ಕಾಯಿಲೆಯ ಕಾರಣಕ್ಕೆ ಮತ್ತೆ ಸ್ಪರ್ಧಿಸುವುದಿಲ್ಲ ಅಂದರು. ಆ ಜಾಗಕ್ಕೆ 2024ರ ನವೆಂಬರಿನಲ್ಲಿ ಸುಹಾಸ್ ಗೆದ್ದರು. ಅವರ ಸೆನೆಟ್ ಸ್ಥಾನ ಖಾಲಿಯಾಯಿತು. ಅದಕ್ಕೇ ಹಿಮದ ದಿನದ ಆ ಉಪಚುನಾವಣೆ. ನವೆಂಬರಿನ ಚುನಾವಣೆಗೆ ಇಲ್ಲಿ 2020ರಿಂದ ಸರ್ಕಾರಿ ರಜೆ ಉಂಟು. ಜನವರಿಯ ಉಪಚುನಾವಣೆಗೆ ಅದೂ ಇಲ್ಲ.

ಅವತ್ತು ಡೆಮಾಕ್ರಟಿಕ್ ಪಕ್ಷದ ಕಣ್ಣನ್ ಶ್ರೀನಿವಾಸನ್ ಅವರು ರಿಪಬ್ಲಿಕನ್ ಪಕ್ಷದ ಟುಮೇ ಹಾರ್ಡಿಂಗ್ ಎದುರು ಗೆದ್ದರು. ಶ್ರೀನಿವಾಸನ್ ರಾಜ್ಯದ ಕೆಳಮನೆಯಿಂದ ಬಂದವರು, ಅವರು ಬಿಟ್ಟ ಸ್ಥಾನಕ್ಕೂ ಅದೇ ದಿನ ಮತದಾನ ನಡೆಯಿತು. ಮರುದಿನ, ಜನವರಿ 8ಕ್ಕೆ, ರಿಚ್ಮಂಡ್‌ನಲ್ಲಿ ಅಧಿವೇಶನ ಶುರು. ಸೆನೆಟ್‌ನಲ್ಲಿ ಡೆಮಾಕ್ರಟರು 21, ರಿಪಬ್ಲಿಕನ್ನರು 19. ನಮ್ಮ ಒಂದು ಸ್ಥಾನ ಆ ಕಡೆ ಹೋಗಿದ್ದರೆ 20–20 ಆಗುತ್ತಿತ್ತು. ಸಮ ಬಂದರೆ ಬಹುತೇಕ ಮಸೂದೆಗಳಲ್ಲಿ ಸೆನೆಟ್‌ನ ಸಭಾಪತಿಯಾದ ಲೆಫ್ಟಿನೆಂಟ್ ಗವರ್ನರ್ ಮತ ನಿರ್ಣಾಯಕ. ನಾನು ಯಾವ ಪಕ್ಷದ ಪರ ಅನ್ನುವುದು ಇಲ್ಲಿ ಬೇಡ. ಸಿಬ್ಬಂದಿಯಾಗಿ ಕೂತವಳು ನಾನು. ಆದರೆ ಇಡೀ ರಾಜ್ಯದ ತೂಕ ಆ ದಿನ ನಮ್ಮ ಲೌಡನ್ನಿನ ಮೇಲಿತ್ತು, ನಮ್ಮವರು ಮನೆಯಲ್ಲಿ ಬೆಚ್ಚಗೆ ಕೂತಿದ್ದರು.

‘ರಾಜ್ಯದ ಸೆನೆಟ್‌ನಿಂದ ನಮಗೇನು?’ ಅಂತ ಕೇಳುವವರಿದ್ದಾರೆ. ನನ್ನ ಯಜಮಾನರು ದಿನವೂ ಡಲ್ಲಸ್ ಗ್ರೀನ್‌ವೇ ಮೇಲೆ ಹೋಗಿ ಬರುತ್ತಾರೆ. ಅದು 1995ರಲ್ಲಿ ತೆರೆದ ಖಾಸಗಿ ರಸ್ತೆ. ಅಲ್ಲಿನ ಟೋಲ್ ಅಂದರೆ ಈ ಊರಿನಲ್ಲಿ ಎಲ್ಲರಿಗೂ ಸಿಟ್ಟು. ಟೋಲ್ ಏರಿಸಲು ರಾಜ್ಯದ ಒಂದು ಆಯೋಗ ಒಪ್ಪಬೇಕು. ಆ ಆಯೋಗದ ಸದಸ್ಯರನ್ನು ಆರಿಸುವುದು ರಿಚ್ಮಂಡ್‌ನ ಎರಡು ಸದನಗಳು. ಆಯೋಗ ಯಾವ ನಿಯಮ ನೋಡಬೇಕು ಅನ್ನುವ ಕಾನೂನೂ ಅಲ್ಲಿಂದಲೇ. ಇನ್ನು ಡೇಟಾ ಸೆಂಟರ್‌ಗಳು, ಅಂದರೆ ಇಂಟರ್ನೆಟ್ಟಿನ ಮಾಹಿತಿ ಇಡುವ ಕಂಪ್ಯೂಟರುಗಳ ಕಟ್ಟಡಗಳು. ಆಶ್‌ಬರ್ನ್ ಸುತ್ತ ಕಿಟಕಿಯಿಲ್ಲದ ಆ ದೊಡ್ಡ ದೊಡ್ಡ ಕಟ್ಟಡಗಳು ಸಾಲಾಗಿ ನಿಂತಿವೆ. ನಮ್ಮಲ್ಲಿ ಎಷ್ಟೋ ಮಂದಿಯ ಅನ್ನ ಅದರಲ್ಲೇ ಇದೆ, ಒಪ್ಪುತ್ತೇನೆ. ಆದರೆ ಅವುಗಳ ಯಂತ್ರಗಳಿಗೆ ಮಾರಾಟ ತೆರಿಗೆ ವಿನಾಯಿತಿ ಕೊಟ್ಟಿರುವುದು ರಾಜ್ಯ. ಮನೆಗಳ ಹತ್ತಿರ ದೊಡ್ಡದೊಂದು ಕಟ್ಟುವ ಮುಂಚೆ ಸದ್ದು ಎಷ್ಟಾಗುತ್ತದೆ ಅಂತ ಅಳೆಯಬೇಕು ಅನ್ನುವ ಮಸೂದೆ 2025ರಲ್ಲಿ ಎರಡೂ ಸದನ ದಾಟಿತು. ಆಗಿನ ಗವರ್ನರ್ ಯಂಗ್ಕಿನ್ ಅದನ್ನು ತಡೆದರು. ಇವೆಲ್ಲ ನಮ್ಮ ಬೀದಿಯ ವಿಷಯ ಅಲ್ವಾ? ವಾಷಿಂಗ್ಟನ್ನಿನಲ್ಲಿ ಇವುಗಳ ಹೆಸರೂ ಬರುವುದಿಲ್ಲ.

ಊರಿನಲ್ಲಿರುವ ಹಿರಿಯರಲ್ಲಿ ಒಂದು ಬೇಡಿಕೆ. ಭಾನುವಾರ ಮಗನೋ ಮಗಳೋ ವಿಡಿಯೊ ಕರೆ ಮಾಡಿದಾಗ ಒಂದು ಮಾತು ಕೇಳಿ: ‘ನಿಮ್ಮ ರಾಜ್ಯದ ಸೆನೆಟರ್ ಯಾರು?’ ಪೌರತ್ವ ಇನ್ನೂ ಬಾರದವರಿಗೆ ಮತ ಇಲ್ಲ, ಅವರ ಮಾತು ಬೇರೆ. ಬಂದವರು ಹೆಸರು ಹೇಳಲಾಗದೆ ತಡವರಿಸಿದರೆ ಸುಮ್ನೆ ಬಿಡಬೇಡಿ. ನನ್ನ ಅಮ್ಮ ಬದುಕಿದ್ದಾಗ ಊರಿನ ಪ್ರತಿ ಚುನಾವಣೆಯ ದಿನವೂ ಬೆರಳಿನ ಶಾಯಿ ತೋರಿಸಿ ‘ನಿನ್ನದು ಆಯ್ತಾ?’ ಅನ್ನುತ್ತಿದ್ದರು. ನಾನು 2023ರಲ್ಲಿ ಮೊದಲ ಸಲ ರಾಜ್ಯ ಸೆನೆಟ್‌ಗೆ ಮತ ಹಾಕಿದ್ದು ಆ ಮಾತು ನೆನಪಾಗಿಯೇ.

ಸಂಪಾದಕರೇ, ನಿಮ್ಮಲ್ಲೂ ಒಂದು ಕೋರಿಕೆ. ವರ್ಜೀನಿಯಾದ ಎಲ್ಲ 40 ಸೆನೆಟ್ ಸ್ಥಾನಗಳಿಗೆ ಮುಂದಿನ ಚುನಾವಣೆ 2027ರ ನವೆಂಬರ್ 2ರಂದು. ಮುಂಚಿತ ಮತದಾನ ಅದಕ್ಕೆ 45 ದಿನ ಮೊದಲೇ ಶುರುವಾಗುತ್ತದೆ, ಕಾರಣ ಹೇಳಬೇಕಾಗಿಲ್ಲ. ಆ ಸೆಪ್ಟೆಂಬರಿನಲ್ಲಿ ನಿಮ್ಮ ಅನಿವಾಸಿ ಪುಟದ ಒಂದು ಮೂಲೆಯಲ್ಲಿ ಈ ದಿನಾಂಕ ಹಾಕಿ. ನಾನು ಅದನ್ನು ಕತ್ತರಿಸಿ ನಮ್ಮವರ ಮನೆಮನೆಗೂ ಕೊಡುತ್ತೇನೆ.

– ನಿಮ್ಮ ಓದುಗರಲ್ಲಿ ಒಬ್ಬಳು
ಆಶ್‌ಬರ್ನ್, ವರ್ಜೀನಿಯಾ