ಸ್ಟೆರಾಯ್ಡ್ ಅಂದ ತಕ್ಷಣ ಗಾಬರಿ ಆಗ್ಬೇಡಮ್ಮ

ಅಮ್ಮಾ,

ತಂಗಿಯ ಅಷ್ಟು ಚಿಕ್ಕ ಕೂಸಿಗೆ ಬಿಪಿ ಕಮ್ಮಿ ಅಂತ ಸ್ಟೆರಾಯ್ಡ್ ಯಾಕೆ ಕೊಟ್ರು ಅಂತ ಫೋನಲ್ಲಿ ಅಳ್ತಾ ಕೇಳ್ದೆಯಲ್ಲ, ಡ್ಯೂಟಿ ಮಧ್ಯ ಬಿಡಿಸಿ ಹೇಳಕ್ಕೆ ಆಗ್ಲಿಲ್ಲ, ಅದಕ್ಕೆ ಬರೀತಿದೀನಿ, ತಂಗಿಗೂ ಓದಿ ಹೇಳು.

ಇದು ಜಿಮ್ ಹುಡುಗರು ತಗೊಳ್ಳೋ ಸ್ಟೆರಾಯ್ಡ್ ಅಲ್ಲಮ್ಮ. ಕಿಡ್ನಿ ಮೇಲಿರೋ ಅಡ್ರಿನಲ್ ಗ್ರಂಥಿ ನಮ್ಮೆಲ್ಲರ ಮೈಯಲ್ಲೂ ತಯಾರು ಮಾಡೋ ಕಾರ್ಟಿಸೋಲನ್ನೇ ಔಷಧಿಯಾಗಿ ಕೊಟ್ರೆ ಅದಕ್ಕೆ ಹೈಡ್ರೋಕಾರ್ಟಿಸೋನ್ ಅಂತಾರೆ. 26 ವಾರಕ್ಕೇ ಹುಟ್ಟಿದ ಮಗುಗೆ ಆ ಗ್ರಂಥಿ ಇನ್ನೂ ಬಲಿತಿರಲ್ಲ, ಮೈಗೆ ಕಷ್ಟ ಬಂದಾಗ ಬೇಕಾದಷ್ಟು ಕಾರ್ಟಿಸೋಲ್ ಬರಲ್ಲ, ಅದಿಲ್ದೆ ರಕ್ತನಾಳ ಬಿಗಿಯಾಗಲ್ಲ, ಸಲೈನ್ ಕೊಟ್ಟು, ಬಿಪಿ ಏರಿಸಕ್ಕೆ ಕೊಡೋ ಡೋಪಮೈನ್ ಔಷಧಿ ಎಷ್ಟು ಹೆಚ್ಚಿಸಿದ್ರೂ ಬಿಪಿ ಏಳಲ್ಲ. ಇದನ್ನ ಕೊಟ್ರೆ ಎಷ್ಟೋ ಮಕ್ಕಳಲ್ಲಿ ಕೆಲವೇ ಗಂಟೆಯಲ್ಲಿ ನಾಳಗಳು ಡೋಪಮೈನ್ ಮಾತು ಕೇಳಕ್ಕೆ ಶುರು ಮಾಡ್ತವೆ, ಆಮೇಲೆ ಡೋಪಮೈನನ್ನ ನಿಧಾನಕ್ಕೆ ಇಳಿಸ್ತಾರೆ.

ಮಾನಿಟರ್ ನಂಬರ್ ನೋಡ್ಕೊಂಡೇ ಕೂರ್ಬೇಡಿ. ಎಷ್ಟು ವಾರಕ್ಕೆ ಹುಟ್ಟಿದೆಯೋ ಸರಾಸರಿ ಬಿಪಿ ಅಷ್ಟಾದ್ರೂ ಇರ್ಬೇಕು ಅನ್ನೋ ಲೆಕ್ಕ ಇದೆ, ನಿಜ, ಆದ್ರೆ ಅದು ಅಂದಾಜು ಅಷ್ಟೇ. ಮಗು ಉಚ್ಚೆ ಹೊಯ್ತಿದೆಯಾ, ಮೈಬಣ್ಣ ಹೇಗಿದೆ, ಮೈಗೆ ಆಮ್ಲಜನಕ ಸಾಲದಾಗ ರಕ್ತದಲ್ಲಿ ಹೆಚ್ಚೋ ಲ್ಯಾಕ್ಟೇಟ್ ಏರ್ತಿದೆಯಾ, ಇವೆಲ್ಲ ಸರಿ ಇದ್ರೆ ಬಿಪಿ ಸ್ವಲ್ಪ ಕಮ್ಮಿ ಇದ್ರೂ ಔಷಧಿ ಕೊಡದೇ ಕಾಯೋ ಡಾಕ್ಟ್ರು ಇದಾರೆ, ನಂಗೂ ಅದೇ ಸರಿ ಅನ್ಸುತ್ತೆ.

ಅಪಾಯ ಇಲ್ವಾ ಅಂದ್ರೆ ಇದೆ, ನಿನ್ನ ಹತ್ರ ಮುಚ್ಚಿಡಲ್ಲ. ಶುಗರ್ ಏರ್ಬಹುದು, ಸೋಂಕು ತಗಲ್ಬಹುದು. ಎಲ್ಲಕ್ಕಿಂತ ನಂಗೆ ಹೆದರಿಕೆ ಕರುಳು ತೂತಾಗೋದರದ್ದು, ಅದೂ ಹುಟ್ಟಿದ ಮೊದಲ ದಿನಗಳಲ್ಲಿ ಇಂಡೊಮೆಥಾಸಿನ್ (ಹೃದಯದ ಹತ್ರ ಮುಚ್ಚದೇ ಉಳಿದ ರಕ್ತನಾಳ ಮುಚ್ಚಕ್ಕೆ ಕೊಡೋ ಔಷಧಿ) ಜೊತೆ ಕೊಟ್ಟಾಗ. ಶ್ವಾಸಕೋಶ ಕಾಪಾಡಕ್ಕೆ ಅಂತ ಮೊದಲೇ ಹೈಡ್ರೋಕಾರ್ಟಿಸೋನ್ ಕೊಟ್ಟು ನೋಡಿದ ಒಂದು ಅಮೆರಿಕನ್ ಅಧ್ಯಯನವನ್ನ ಇದೇ ಕಾರಣಕ್ಕೆ ಅರ್ಧಕ್ಕೇ ನಿಲ್ಲಿಸಿದ್ರು, ಅದು 2004ರಲ್ಲಿ ಪ್ರಕಟ ಆಯ್ತು. ಡೆಕ್ಸಾಮೆಥಾಸೋನ್ ಅಂತ ಇನ್ನೊಂದು ಸ್ಟೆರಾಯ್ಡ್ ಇದೆ, ಅದನ್ನ ಹುಟ್ಟಿದ ಮೊದಲ ವಾರದಲ್ಲೇ ಕೊಟ್ಟ ಮಕ್ಕಳಲ್ಲಿ ಮುಂದೆ ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲು ಸ್ವಾಧೀನ ತಪ್ಪೋದು) ಜಾಸ್ತಿ ಕಂಡಿತ್ತು, ಹಾಗಾಗಿ ಬಿಪಿಗೆ ಅಂತ ಅದನ್ನ ಸುಲಭಕ್ಕೆ ಮುಟ್ಟಲ್ಲ. ಬಿಪಿಗೆ ಅಂತ ಇಂಥ ಮಕ್ಕಳಿಗೆ ಸ್ಟೆರಾಯ್ಡ್ ಕೊಟ್ಟ ಅಧ್ಯಯನಗಳನ್ನ ಒಟ್ಟಿಗೆ ತೂಗಿ ನೋಡಿದ 2011ರ ಕಾಕ್ರೇನ್ ವಿಮರ್ಶೆಗೂ ಸಿಕ್ಕಿದ್ದು ಎಲ್ಲ ಅಧ್ಯಯನ ಸೇರಿ 123 ಮಕ್ಕಳಷ್ಟೇ. ಅದಕ್ಕೇ ಬಿಪಿ ಕಮ್ಮಿ ಇರೋ ಎಲ್ಲ ಮಕ್ಕಳಿಗೂ ಕೊಡಲ್ಲ, ಬೇರೆ ಔಷಧಿಗೆ ಬಗ್ಗದಿದ್ದಾಗ ಮಾತ್ರ.

ನಾಳೆ ಡಾಕ್ಟ್ರು ರೌಂಡ್ಸಿಗೆ ಬಂದಾಗ ತಂಗಿ ಕೇಳ್ಲಿ: ಇಂಡೊಮೆಥಾಸಿನ್ ಅಥವಾ ಅದೇ ಥರದ ಐಬುಪ್ರೊಫೆನ್ ಏನಾದ್ರೂ ಕೊಡ್ತಿದೀರಾ, ಹೊಟ್ಟೆ ಉಬ್ಬಿದೆಯಾ, ಸ್ಟೆರಾಯ್ಡ್ ಯಾವಾಗ ನಿಲ್ಲಿಸ್ತೀರಾ ಅಂತ. ಅವರು ಹೇಳಿದ್ದನ್ನ ಹಾಗೇ ಬರೆದು ಕಳ್ಸಿ, ಶಿಫ್ಟ್ ಮುಗಿದ ತಕ್ಷಣ ಫೋನ್ ಮಾಡ್ತೀನಿ.

ನಿನ್ನ ಮಗಳು